ಅಪ್ಪ ಮಾಡಿದ ಎರಡು ತೋಟಾ

ಈ ಪರದೇಶದ ಎರಿನ್ ಮಿಲ್ಸ್‌ನ ನಮ್ಮ ಮನೆಯ ಗರಾಜಿನಲ್ಲಿ ಮಗ ಇಂದು ರೈಫಲ್ಲಿನ ಹಾರಿಸಿದ ಖಾಲಿ ತೋಟಾಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಮೇಲಿನ ಕುತ್ತಿಗೆಯನ್ನಷ್ಟೇ ಬೆಂಕಿಯಲ್ಲಿ ಕಾಯಿಸುತ್ತಿದ್ದ. ಬಿಸಿ ಹಿತ್ತಾಳೆಯ ವಾಸನೆ ನನ್ನನ್ನು ಕೊಡಗಿಗೆ ಎಳೆದೊಯ್ದಿತು.

ನಮ್ಮ ಹಳೆಯ ಕೋವಿಗೆ ತೋಟಾ ಸಿಗುತ್ತಿರಲಿಲ್ಲ. ಅಪ್ಪ ಬೇರೆ ಕೋವಿಯ ಖಾಲಿ ತೋಟಾಗಳ ಕುತ್ತಿಗೆಯನ್ನು ಕಾಯಿಸಿ ಮೆತ್ತಗಾಗಿಸಿ, ಅಚ್ಚಿನಲ್ಲಿ ಒತ್ತಿ, ನಮ್ಮದರ ಅಳತೆಗೆ ತಂದು ಮತ್ತೆ ಮದ್ದುಗುಂಡು ತುಂಬುತ್ತಿದ್ದರು. ಅಮ್ಮ ಹಾಸಿಗೆ ಹಿಡಿದಿದ್ದಾಗ ಒಮ್ಮೆ ಎರಡೇ ಎರಡು ಮಾಡಿದರು.

"ನಂಗೇ ತಾನೆ? ಸರಿಯಾಗಿ ಮಾಡಿ, ಠುಸ್ ಅಂದ್ರೆ ಊರೋರು ನಗ್ತಾರೆ," ಎಂದಳು ಅಮ್ಮ ಒಳಗಿನಿಂದ.

"ಸುಮ್ನೆ ಮಲಕ್ಕೋ. ಇದು ಹಂದಿಗೆ," ಎಂದ ಅಪ್ಪ ತಲೆ ಎತ್ತಲಿಲ್ಲ.

ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಅಮ್ಮ ಹೋದ ಬೆಳಿಗ್ಗೆ ಅಪ್ಪ ಅಂಗಳದಲ್ಲಿ ನಿಂತು ಮೊದಲನೆಯದನ್ನು ಹಾರಿಸಿದರು. ಎರಡನೆಯದು ಸಿಡಿಯದಿರಲಿ ಎಂದು ನಾನು ಹಲ್ಲು ಕಚ್ಚಿ ಬೇಡಿಕೊಂಡೆ. ಸಿಡಿಯದಿದ್ದರೆ ಅಮ್ಮ ಸತ್ತಂತಾಗುವುದಿಲ್ಲ ಎಂದುಕೊಂಡಿದ್ದೆ. ಆದರೆ ಅಪ್ಪನ ಕೆಲಸ ಎಂದೂ ಕೆಟ್ಟದ್ದಿಲ್ಲ.

"ಅಮ್ಮಾ, ಯಾಕೆ ನಿಂತೇ ಇದ್ದೀಯ? ಒಳಗೆ ಹೋಗು, ಇಲ್ಲಿ ತುಂಬಾ ಕೋಲ್ಡು," ಎಂದ ಮಗ.

ನಿನ್ನ ಕೆಲಸ ನೋಡು ಎಂದು ಗದರಿದೆ. ಅವನು ಆ ಕಡೆ ತಿರುಗಿದ ಮೇಲೆ ಕಣ್ಣೊರೆಸಿಕೊಂಡೆ.