ಸುವರ್ಣಮ್ಮ ಹುಡುಕಿದ ಹೆಣ್ಣುಮಕ್ಕಳು

ಸುವರ್ಣಮ್ಮ ಕೊಳ್ಳೇಗಾಲದ ಕಾಲೇಜಿಗೆ ಸೇರಿ ಮೂರು ವಾರವಾಗಿತ್ತಷ್ಟೆ. ಯಳಂದೂರಿನ ಬಸ್ ನಿಲ್ದಾಣದಲ್ಲಿ, ಹಾಡಹಗಲೇ, ಒಡಹುಟ್ಟಿದ ಅಣ್ಣ ನಂಜಯ್ಯ ಅವಳ ಮೇಲೆ ಕುಡುಗೋಲು ಬೀಸಿದ. ಗೊತ್ತಾಗಿದ್ದ ಮದುವೆಯನ್ನು ಒಲ್ಲೆನೆಂದು ಓದಲು ಹೊರಟಿದ್ದಳು. ಅವಳು ಮಾಡಿದ ತಪ್ಪು ಅದೊಂದೇ. ಕುತ್ತಿಗೆಗೆ ಬಂದ ಏಟನ್ನು ಕೈಯೊಡ್ಡಿ ತಡೆದಳು. ಬಲಗೈಯ ಎರಡು ಬೆರಳು ತುಂಡಾಗಿ ಬಿದ್ದವು. ಅಣ್ಣ ಜೈಲು ಸೇರಿದ. ಅವಳು ಎಡಗೈಯಲ್ಲಿ ಬರೆಯಲು ಕಲಿತು ಎಂ.ಎ. ಮುಗಿಸಿದಳು.

ಸಂಶೋಧನೆಗೆ ಅವಳು ಆರಿಸಿಕೊಂಡದ್ದು ಈ ಸೀಮೆಯಿಂದ ಮೊದಮೊದಲು ಕಾಲೇಜಿಗೆ ಹೋದ ಹೆಣ್ಣುಮಕ್ಕಳ ಕಥೆಯನ್ನು. ಅದುವರೆಗೆ ಯಾರೂ ಅದನ್ನು ಬರೆದಿರಲಿಲ್ಲ. ಹಳೆಯ ಹಾಜರಿ ಪುಸ್ತಕಗಳಲ್ಲಿ ಹೆಸರು ಹುಡುಕಿ ಊರೂರು ಅಲೆದಳು. ಅವರಲ್ಲಿ ಹೆಚ್ಚಿನವರು ನಡುವೆಯೇ ಓದು ಬಿಟ್ಟದ್ದು ಯಾಕೆಂದು ಕೇಳಿದರೆ ಬಹಳ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಹನೂರಿನ ಬಳಿಯ ಹಳ್ಳಿಯೊಂದರಲ್ಲಿ, ಆ ಪುಸ್ತಕಗಳಲ್ಲಿ ಹೆಸರಿದ್ದ, ಎಪ್ಪತ್ತು ದಾಟಿದ ಕೆಂಪಾಜಮ್ಮ ಮಾತ್ರ ಅವಳನ್ನು ಜಗಲಿಯ ಮೇಲೆ ಕೂರಿಸಿಕೊಂಡರು.

"ಕೊನೇ ಪರೀಕ್ಸೆ ದಿನ ನಮ್ಮಾವ ಒಲೆ ಮುಂದಕ್ಕೆ ಎಳ್ಕಂಡೋದ ಕಣವ್ವ. 'ಯಾವ ಕೈಲಿ ಬರೀತಿಯೆ?' ಅಂದ. ಆ ಕೈಯ ಕೆಂಡದ ಮ್ಯಾಲೆ ಒತ್ತಿ ಇಡುದ. ನನ್ ಗಂಡ ನೋಡ್ಕಂಡು ನಿಂತಿದ್ದ."

ಕೈ ತೋರಿಸಿದರು. ಚರ್ಮ ಸುಟ್ಟು ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

ಒಳಗಿದ್ದ ಮಗ ಶಾಂತರಾಜು ಇದೆಲ್ಲ ಕೇಳಿಸಿಕೊಂಡು ಗುದ್ದಲಿಯ ಕಾವು ಹಿಡಿದು ಹೊರಬಂದ. "ನಮ್ ಮನೆ ಮಾನ ಬರ್ಕಂಡು ಓಗಕ್ ಬಂದಿದ್ದೀಯೇನಮ್ಮಿ?" ಎನ್ನುತ್ತಲೇ ಬಾರಿಸಿದ. ಮೊದಲ ಏಟಿಗೆ ಸುವರ್ಣಮ್ಮನ ಹೆಗಲ ಮೂಳೆ ಮುರಿಯಿತು, ಎರಡನೆಯದಕ್ಕೆ ತಲೆ ಒಡೆಯಿತು. ಮೂರನೆಯದಕ್ಕೆ ತಾಯಿ ಅಡ್ಡ ಬಂದರು.

"ಒಡಿಲಾ, ನನ್ನೂ ಒಡಿ! ಐವತ್ತು ವರ್ಸ ಬಾಯ್ ಮುಚ್ಕಂಡಿದ್ದೆ. ಇನ್ ಮುಚ್ಚಕಿಲ್ಲ."

ಅವನು ತಾಯಿಯನ್ನೂ ಜಗಲಿಯಿಂದ ಕೆಳಗೆ ನೂಕಿದ. ಅಕ್ಕಪಕ್ಕದವರು ಬಂದು ಹಿಡಿದುಕೊಳ್ಳುವಷ್ಟರಲ್ಲಿ ಅಂಗಳವೆಲ್ಲ ರಕ್ತ.

ಆಸ್ಪತ್ರೆಯಿಂದ ಬಂದ ಸುವರ್ಣಮ್ಮ ಕೊಳ್ಳೇಗಾಲದ ಬಾಡಿಗೆ ಕೋಣೆಯಿಂದ ಒಂದು ತಿಂಗಳು ಹೊರಗೆ ಕಾಲಿಡಲಿಲ್ಲ. ಬೀದಿಯಲ್ಲಿ ಯಾರಾದರೂ ಗಟ್ಟಿಯಾಗಿ ಕೂಗಿದರೆ ಬಾಗಿಲ ಚಿಲಕ ಹಾಕಿದೆಯೇ ಎಂದು ಎದ್ದು ನೋಡುತ್ತಿದ್ದಳು. ಬರೆಯುವುದನ್ನೇ ಬಿಟ್ಟುಬಿಡೋಣ ಅನ್ನಿಸಿತ್ತು. ಒಂದು ಬೆಳಿಗ್ಗೆ ಕೆಂಪಾಜಮ್ಮ ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಜಗಲಿಯಿಂದ ಬಿದ್ದಾಗ ಅವರ ಹಣೆಗಾದ ಗಾಯ ಇನ್ನೂ ಮಾಗಿರಲಿಲ್ಲ.

"ಅರ್ಧ ಯೋಳಿದ್ದೆ. ಉಳುದದ್ದ ಬರ್ಕೊ" ಎಂದರು. ಆಮೇಲೆ, "ಪೊಲೀಸ್ ಸ್ಟೇಷನ್ ಎಲ್ಲದೆ? ಅಲ್ಲಿಗೂ ಓಗಬೇಕು."

ಕೆಂಪಾಜಮ್ಮ ಮತ್ತೆ ಊರಿಗೆ ಹೋಗದೆ ಆ ಕೋಣೆಯಲ್ಲೇ ಉಳಿದರು. ಸುವರ್ಣಮ್ಮನ ಪ್ರಬಂಧ ಒಪ್ಪಿತವಾಗಿ ಡಾಕ್ಟರೇಟ್ ಬಂದ ವರ್ಷವೇ ಶಾಂತರಾಜುವಿಗೆ ಶಿಕ್ಷೆಯೂ ಆಯಿತು. ಮಗನಿಗೆ ಶಿಕ್ಷೆಯಾದ ದಿನ ಕೆಂಪಾಜಮ್ಮ ಅನ್ನ ಮುಟ್ಟದೆ ಅತ್ತರು. ಸುವರ್ಣಮ್ಮ ರಾತ್ರಿಯಿಡೀ ಅವರ ಪಕ್ಕದಲ್ಲೇ ಕೂತಿದ್ದಳು. ಮಾರನೆಯ ದಿನ ಇಬ್ಬರೂ ಮಾರ್ಟಳ್ಳಿಯ ಬಸ್ಸು ಹತ್ತಿದರು. ಅರ್ಧಕ್ಕೇ ಓದು ಬಿಟ್ಟ ಇನ್ನೊಬ್ಬ ಹೆಂಗಸು ಅಲ್ಲಿ ಇದ್ದಾರೆಂದು ಯಾರೋ ಹೇಳಿದ್ದರು.