ಅಕ್ಕ ಕುಡಿದ ಅಮೃತಬಳ್ಳಿ

ಕಳೆದ ಚಳಿಗಾಲದಲ್ಲಿ ಭದ್ರಾವತಿಯ ಅಕ್ಕನ ಮನೆಗೆ ಹೋಗಿದ್ದೆ. ಮೇಲಿನ ಶೆಲ್ಫಿನ ಡಬ್ಬಿಗೆಂದು ಎಡಗೈ ಎತ್ತಿದವಳು ಅರ್ಧದಲ್ಲೇ ಇಳಿಸಿದಳು. ಏನಾಯ್ತು ಎಂದೆ. ಕಂಕುಳಲ್ಲಿ ಗಂಟು, ಎಂದಳು. ಮುಟ್ಟಿ ನೋಡಿದೆ. ಎದೆಯಲ್ಲೂ ಇತ್ತು.

ಮುಟ್ಟಿದ ಕೂಡಲೇ ನನಗೆ ಗೊತ್ತಾಗಿತ್ತು ಎಂದು ಈಗ ಅನ್ನಿಸುತ್ತದೆ. ಅಂದಿನ ಡೈರಿಯಲ್ಲಿ ‘ಸೋಮವಾರ ತೋರಿಸಬೇಕು’ ಎಂದಷ್ಟೇ ಇದೆ.

ಸ್ಕ್ಯಾನ್. ಬಯಾಪ್ಸಿ. ಸ್ತನ ಕ್ಯಾನ್ಸರ್, ಮೂರನೇ ಹಂತ.

ನಾನು ಶಿವಮೊಗ್ಗದ ಒಂದು ಲ್ಯಾಬಿನಲ್ಲಿ ಗಿಡಗಳ ಸಾರವನ್ನು ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸುವವಳು. ಪ್ಲಾಸ್ಟಿಕ್ ತಟ್ಟೆಯಲ್ಲಿ ಕೋಶ ಬೆಳೆಸಿ, ಅಮೃತಬಳ್ಳಿಯ ಸಾರ ಹಾಕಿ, ಎಷ್ಟು ಸತ್ತವು ಎಂದು ನೋಡುತ್ತೇನೆ. ತಟ್ಟೆಯಲ್ಲಿ ಸಾಯುವುದಕ್ಕೂ ಮನುಷ್ಯರ ಮೈಯಲ್ಲಿ ಸಾಯುವುದಕ್ಕೂ ಇರುವ ದೂರವನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತೇನೆ.

ಮೊದಲ ಕೀಮೋಗೆ ಮುಂಚಿನ ರಕ್ತಪರೀಕ್ಷೆ ನೋಡಿ ಡಾಕ್ಟರ್ ತಡೆದರು. “ಲಿವರ್ ಎನ್‌ಜೈಮ್ಸ್ ತುಂಬಾ ಜಾಸ್ತಿ ಇದೆಯಲ್ಲಮ್ಮ. ಕಷಾಯ, ನಾಟಿ ಔಷಧಿ ಏನಾದ್ರೂ ತಗೋತಿದ್ದೀರಾ?”

ಅಕ್ಕ ನನ್ನತ್ತ ನೋಡಿದಳು.

“ಅಮೃತಬಳ್ಳಿ ಸಾರ್, ನಮ್ಮ ಕಾಂಪೌಂಡಿಗೆ ಹಬ್ಬಿರೋದು. ದಿನಾ ಎರಡು ಲೋಟ. ಏಳೆಂಟು ತಿಂಗಳಾಯ್ತು. ಇವಳೇ, ನಮ್ಮ ಸುಮನೇ ಹೇಳಿದ್ದು.”

ಏಳೆಂಟು ತಿಂಗಳು. ಅಂದರೆ ಗಂಟು ಅಷ್ಟು ಹಿಂದೆಯೇ ಅವಳ ಕೈಗೆ ಸಿಕ್ಕಿತ್ತು.

ಹೊರಗಿನ ಬೆಂಚಿನಲ್ಲಿ ಕೇಳಿದೆ. “ನಾನು ಯಾವಾಗ ಹೇಳಿದ್ದೆ ಅಕ್ಕ?”

“ನಿಮ್ಮ ಗೃಹಪ್ರವೇಶದ ಊಟದಲ್ಲಿ. ಇಷ್ಟು ವರ್ಷ ಸೊಪ್ಪು ಅರೆದು ಏನು ಕಂಡುಹಿಡಿದೆ ಅಂತ ನಿಮ್ಮ ಭಾವ ರೇಗಿಸಿದ್ರಲ್ಲ. ಅಮೃತಬಳ್ಳಿ ಹಾಕಿದ್ರೆ ಕ್ಯಾನ್ಸರ್ ಮೂರೇ ದಿನದಲ್ಲಿ ಸಾಯುತ್ತೆ ಭಾವ, ಅಂದೆ ನೀನು.”

“ಗಂಟು ಸಿಕ್ಕಾಗ ನಂಗೊಂದು ಫೋನ್ ಮಾಡ್ಬಾರ್ದಿತ್ತಾ?”

“ಔಷಧಿ ಗೊತ್ತಿತ್ತಲ್ಲ. ನಿನ್ನನ್ಯಾಕೆ ಹೆದರಿಸೋದು ಅಂದ್ಕೊಂಡೆ.”

ಅಂದಿನ ಹೋಳಿಗೆ ನೆನಪಿದೆ. ಭಾವನ ನಗು ನೆನಪಿದೆ. ಆ ಮಾತು ನೆನಪಿಲ್ಲ. ಸತ್ತ ಕೋಶಗಳನ್ನು ದಿನವೂ ಬರೆದಿಡುವ ನಾನು ಊಟದೆಲೆಯ ಮುಂದೆ ಆಡಿದ್ದನ್ನು ಬರೆದಿಡಲಿಲ್ಲ. ಆಡಿಲ್ಲ ಎನ್ನಲು ಧೈರ್ಯವಿಲ್ಲ. ನಾಲ್ಕು ಜನರೆದುರು ಚುಚ್ಚಿದರೆ ನಾನು ಹಾಗೆ ಮಾತಾಡುವವಳೇ.

ಕಷಾಯ ನಿಂತಿತು. ಕೀಮೋ ಮೂರು ವಾರ ಮುಂದೆ ಹೋಯಿತು. ಲಿವರ್ ಹದಕ್ಕೆ ಬಂತು. ಕಷಾಯದಿಂದಲೇ ಹಾಗಾಗಿತ್ತೇ ಎಂದಾಗ ಡಾಕ್ಟರ್ “ಇರಬಹುದು” ಎಂದರು. ಕಳೆದುಹೋದ ತಿಂಗಳುಗಳ ಬಗ್ಗೆ ನಾನು ಕೇಳಲಿಲ್ಲ.

ಈಗ ನಾಲ್ಕು ಕೀಮೋ ಮುಗಿದಿವೆ. ಅಕ್ಕ ರವೀಂದ್ರನಗರದ ನಮ್ಮ ಮನೆಯಲ್ಲೇ ಇದ್ದಾಳೆ. ಕೂದಲು ಹೋಗಿದೆ. ಏನು ತಿಂದರೂ ಕಬ್ಬಿಣ ನೆಕ್ಕಿದ ಹಾಗಿರುತ್ತದಂತೆ. ಗಂಟು ಸ್ವಲ್ಪ ಕುಗ್ಗಿದೆ. ಸರ್ಜರಿ ಇನ್ನೂ ಆಗಬೇಕು.

ನಿನ್ನೆ ಗಂಜಿ ಕುಡಿಸುವಾಗ ಕೇಳಿದಳು. “ವಾಸಿ ಆಗುತ್ತಾ ನಂಗೆ?”

ಆಗುತ್ತೆ ಎಂಬ ಮಾತು ಬಾಯಿಯ ತನಕ ಬಂದಿತ್ತು.

“ಗೊತ್ತಿಲ್ಲ ಅಕ್ಕ. ಗಂಟು ಕುಗ್ಗಿದೆ. ಅಷ್ಟೇ ಗೊತ್ತು.”

ಅವಳು ಬಟ್ಟಲೊಳಗೆ ಬಗ್ಗಿ ನೋಡಿದಳು. ಗಂಜಿ ಆರುತ್ತಿತ್ತು.

“ಸರಿ,” ಎಂದಳು. “ಇನ್ನೆರಡು ಚಮಚ ಹಾಕು ಮಾರಾಯ್ತಿ.”