ಕರಕರ ಎನ್ನುವ ಗಿಟಾರು, ಕೆಂಪಾಪುರದ ಮುನಿರತ್ನ

ಮುನಿರತ್ನ ಜಂಬದ ಮನುಷ್ಯ. ತನ್ನ ಕೈಯಿಂದ ಏನಾದರೂ ಕೆಟ್ಟರೆ ಅದನ್ನು ತಯಾರಿಸಿದ ಕಂಪನಿಯನ್ನು ಬೈಯುತ್ತಾನೆ, ತಂದ ಗಿರಾಕಿಯನ್ನು ಬೈಯುತ್ತಾನೆ, ಯಾರೂ ಸಿಗದಿದ್ದರೆ ಮಳೆಯನ್ನು ಬೈಯುತ್ತಾನೆ. ತನ್ನನ್ನು ಬೈದುಕೊಂಡದ್ದನ್ನು ಯಾರೂ ಕಂಡಿಲ್ಲ.

ಕೆಂಪಾಪುರದ ಹಳೇ ಊರಿನ ಸಂದಿಯಲ್ಲಿ ಅವನ ರಿಪೇರಿ ಅಂಗಡಿ. ಆಂಪ್ಲಿಫೈಯರ್, ಮೈಕು, ಕೀಬೋರ್ಡು, ಗಿಟಾರು, ರೇಡಿಯೊ ಎಲ್ಲವೂ ಅಲ್ಲಿಗೆ ಬರುತ್ತವೆ. ವಯಸ್ಸು ಐವತ್ತೆಂಟು, ಓದು ಹತ್ತನೇ ತರಗತಿ ಫೇಲು. ಕಿವಿ ಮಾತ್ರ ಅಸಾಧಾರಣ; ಸ್ಪೀಕರಿನ ಗುಂಯ್ ಸದ್ದನ್ನು ಕೇಳಿಯೇ ದೋಷ ಎಲ್ಲಿದೆಯೆಂದು ಹೇಳುತ್ತಾನೆ.

ನವೆಂಬರಿನ ಒಂದು ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ನನ್ನ ರೇಡಿಯೊ ತರಲು ಹೋಗಿದ್ದೆ. ಆಗಲೇ ರಾಣಿ ದಪ್ಪ ದನಿಯ ಬೇಸ್ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಓಡಿ ಬಂದಳು.

"ಮುನಿರತ್ನಣ್ಣ, ಆರು ಗಂಟೆಗೆ ಪ್ರೋಗ್ರಾಮು. ಮತ್ತೆ ಕರಕರ ಅಂತಿದೆ!"

ರಾಣಿ ಆರ್.ಟಿ. ನಗರದವಳು. ವಾರವಿಡೀ ಲ್ಯಾಬೊಂದರಲ್ಲಿ ರೋಗಿಗಳ ರಕ್ತ ತೆಗೆಯುತ್ತಾಳೆ, ವಾರದ ಕೊನೆಗೆ ವೇಣುಗೋಪಾಲರ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾಳೆ. ಹಿಂದಿನ ಮೂರು ಕಾರ್ಯಕ್ರಮಗಳಲ್ಲಿ ಅವಳ ಗಿಟಾರು ನಡುನಡುವೆ ಕರಕರ ಎಂದಿತ್ತು. ಇನ್ನೊಮ್ಮೆ ಹಾಗಾದರೆ ಬೇಸನ್ನು ಕೀಬೋರ್ಡಿನವನೇ ನುಡಿಸುತ್ತಾನೆ, ನೀನು ಬರಬೇಡ ಎಂದು ವೇಣುಗೋಪಾಲ್ ಹೇಳಿಬಿಟ್ಟಿದ್ದರು. ಅಂದು ಸಂಜೆ ತಣಿಸಂದ್ರದಲ್ಲಿ, ನಮ್ಮ ಅಪಾರ್ಟ್‌ಮೆಂಟಿನಲ್ಲೇ, ರಾಜ್ಯೋತ್ಸವ. ಮೊದಲ ಹಾಡು ಶುರುವಾಗುವುದೇ ಬರೀ ಬೇಸ್ ಗಿಟಾರಿನಿಂದ.

"ನಿನ್ ಕೈಯೇ ಒರಟು ಕಣಮ್ಮ. ಗುದ್ಲಿ ಇಡ್ದಂಗೆ ಇಡ್ಕೊಂಡ್ರೆ ಅದು ಅಳ್ದೆ ಇನ್ನೇನ್ ಮಾಡ್ತದೆ?" ಎಂದ ಮುನಿರತ್ನ.

"ಕೂಸಿನ ನರ ಹುಡುಕೋ ಕೈ ಅಣ್ಣ ಇದು. ಬೈಯೋದು ಆಮೇಲೆ, ಮೊದ್ಲು ವೈರ್ ಚೇಂಜ್ ಮಾಡಿ ನೋಡಿ."

ವೈರು ಬದಲಿಸಿದ. ಕರಕರ ಹೋಗಲಿಲ್ಲ. ಹಳೆಯ ವೈರನ್ನೇ ಮತ್ತೆ ಹಾಕಿ ಆಂಪ್ಲಿಫೈಯರ್ ಬದಲಿಸಿದ. ಹೋಗಲಿಲ್ಲ. ಟ್ಯೂಬ್‌ಲೈಟ್ ಆರಿಸಿದ, ಫ್ಯಾನ್ ನಿಲ್ಲಿಸಿದ, ಪ್ಲಗ್ಗನ್ನು ಬೇರೆ ಬೋರ್ಡಿಗೆ ಹಾಕಿದ. ಮೂವರೂ ಬೆವರಿದೆವು, ನಡುನಡುವೆ ಕರಕರ ಹಾಗೇ ಇತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಿದ್ದ, ಎರಡನ್ನು ಒಟ್ಟಿಗೆ ಮುಟ್ಟಲಿಲ್ಲ. ನನ್ನ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಮೂವತ್ತು ವರ್ಷ ಹೇಳಿದರೂ ಈ ಶಿಸ್ತು ಬಂದಿರಲಿಲ್ಲ.

ಕೊನೆಗೆ, ಗಿಟಾರಿಗೆ ವೈರು ಸಿಕ್ಕಿಸುವ ತೂತಿನ ಹತ್ತಿರ ಬೆರಳಿಟ್ಟು ಪಿನ್ನನ್ನು ಮೆಲ್ಲಗೆ ಅಲುಗಿಸಿದ. ಕರ್ರ್! ಬಿಟ್ಟ, ಸದ್ದಿಲ್ಲ. ಅಲುಗಿಸಿದ, ಕರ್ರ್!

"ಸಿಗ್ತು! ಇಲ್ಲೇ ಐತೆ ಕಳ್ಳ!"

"ಬಿಚ್ಚಿ ಅಣ್ಣ, ಬೇಗ ಬಿಚ್ಚಿ!"

ಗಂಟೆ ಮೂರೂವರೆ. ಸ್ಕ್ರೂ ಬಿಚ್ಚಿ ತಗಡನ್ನು ಹೊರಗೆಳೆದ. ಪಿನ್ನನ್ನು ಒತ್ತಿ ಹಿಡಿಯಬೇಕಾದ ತಾಮ್ರದ ನಾಲಿಗೆಯ ಮೇಲೆ ಕೆಂಪಗೆ ಏನೋ ಗಟ್ಟಿಯಾಗಿ ಕೂತಿತ್ತು.

"ತುಕ್ಕಾ ಅಣ್ಣ?"

ಮುನಿರತ್ನ ಅದನ್ನು ಉಗುರಿನಿಂದ ಕೆರೆದ, ಬೆರಳಲ್ಲಿ ಉಜ್ಜಿದ, ಮೂಸಿದ. ಗಕ್ಕನೆ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಅದು ಏನೆಂದು ನನಗೂ ಅರ್ಥವಾಯಿತು. ಆಯುಧಪೂಜೆಯ ದಿನ ಅಂಗಡಿಯಲ್ಲಿರುವ ಎಲ್ಲ ಸಾಮಾನಿಗೂ ಅವನು ಪೂಜೆ ಮಾಡುತ್ತಾನೆ. ಬೇರೆಯವರು ಮೈಮೇಲೆ ಬೊಟ್ಟಿಟ್ಟರೆ ಅವನು ವೈರು ಸಿಕ್ಕಿಸುವ, ಕರೆಂಟು ಓಡಾಡುವ ತೂತಿನ ಬಾಯಿಗೇ ನೀರಲ್ಲಿ ಕಲಸಿದ ಕುಂಕುಮ ಹಚ್ಚುತ್ತಾನೆ. ಶಕ್ತಿ ಇರುವುದು ಅಲ್ಲೇ ಎಂದು ವಾದಿಸುತ್ತಾನೆ. ಈ ಸಲ ಆ ದಿನ ರಾಣಿಯ ಗಿಟಾರು ಹೊಸ ತಂತಿ ಹಾಕಿಸಿಕೊಳ್ಳಲು ಅಲ್ಲೇ ಇತ್ತು. ಕೊಡುವಾಗ ಹೊರಗಿನ ಬೊಟ್ಟನ್ನು ಒರೆಸಿದ್ದಾನೆ. ಒಳಗೆ ಇಳಿದದ್ದು ಅಲ್ಲೇ ಒಣಗಿದೆ.

"ಏನೋ ಕಸ," ಎಂದ.

ಕುಂಕುಮವೆಂದು ಅವನೇ ಹೇಳುತ್ತಾನೋ ಎಂದು ಕಾದೆ. ಹೇಳಲಿಲ್ಲ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದ, ನಾಲಿಗೆಯನ್ನು ಒಳಕ್ಕೆ ಒಂದಿಷ್ಟು ಬಗ್ಗಿಸಿ ಬಿಗಿ ಮಾಡಿದ. ವೈರು ಸಿಕ್ಕಿಸಿ ಜೋರಾಗಿ ಎಳೆದಾಡಿದ. ನಿಶ್ಶಬ್ದ. ರಾಣಿ ದಪ್ಪ ತಂತಿಯನ್ನು ಮೀಟಿದಳು. ಎಂಥ ನಾದ! ಕಪಾಟಿನ ಸ್ಕ್ರೂ ಡಬ್ಬಿಗಳೆಲ್ಲ ಗಡಗಡ ಅಂದವು. ಅವಳು ಕುಣಿದೇಬಿಟ್ಟಳು.

ಆರಕ್ಕೆ ಹತ್ತು ನಿಮಿಷ ಇರುವಾಗ ನಮ್ಮ ಅಪಾರ್ಟ್‌ಮೆಂಟಿನ ಅಂಗಳದ ವೇದಿಕೆಯ ಮೇಲೆ ರಾಣಿ ಗಿಟಾರು ಹಿಡಿದು ನಿಂತಿದ್ದಳು, ವೈರು ಇನ್ನೂ ನೆಲದ ಮೇಲಿತ್ತು.

"ಬೇಡಮ್ಮ, ಕೀಬೋರ್ಡಲ್ಲೇ ಬೇಸ್ ಮಾಡಿಸ್ತೀನಿ," ಎಂದರು ವೇಣುಗೋಪಾಲ್.

"ರಿಪೇರಿ ಆಯ್ತು ಸರ್. ಒಂದ್ಸಲ ಕೇಳಿ, ಪ್ಲೀಸ್."

"ಇವತ್ತು ಆಯ್ತು, ನಾಳೆ ಮತ್ತೆ ಕೆಡಿಸ್ತೀಯ. ಇನ್‌ಸ್ಟ್ರುಮೆಂಟ್ ನೋಡ್ಕೊಳ್ಳೋಕೆ ನಿಂಗೆ ಬರಲ್ಲ."

ರಾಣಿ ಗಿಟಾರಿನ ಪಟ್ಟಿಯನ್ನು ಹೆಗಲಿನಿಂದ ತೆಗೆಯತೊಡಗಿದಳು. ಅಷ್ಟರಲ್ಲಿ ಮುನಿರತ್ನ ವೇದಿಕೆ ಹತ್ತಿದ. ಶನಿವಾರ ಸಂಜೆಯ ವ್ಯಾಪಾರ ಬಿಟ್ಟು ಬಂದವನನ್ನು ನಾನು ಅಲ್ಲಿ ನಿರೀಕ್ಷಿಸಿರಲಿಲ್ಲ. ಜೇಬಿನಿಂದ ಕೆಂಪಾದ ಹತ್ತಿಯ ಉಂಡೆ ತೆಗೆದು ವೇಣುಗೋಪಾಲರ ಅಂಗೈಯಲ್ಲಿಟ್ಟ.

"ಕುಂಕ್ಮ ಸಾರ್. ತೂತೊಳಿಕ್ಕೆ ಓಗಿತ್ತು. ಅಬ್ಬದಲ್ಲಿ ಇಟ್ಟಿದ್ದು ನಾನು. ಈ ಮಗೀನ ಕೈಯಲ್ಲಿ ಏನೂ ದೋಸ ಇಲ್ಲ."

"ನೀವಾ?" ವೇಣುಗೋಪಾಲ್ ನಂಬಲಿಲ್ಲ.

"ನಾನೇ. ಮೈಕಲ್ಲಿ ಯೋಳ್ಬೇಕಾ?"

ವೇಣುಗೋಪಾಲ್ ಹತ್ತಿಯನ್ನು ನೋಡಿದರು, ನಕ್ಕರು. ಕೀಬೋರ್ಡಿನವನಿಗೆ ಬೇಡವೆಂದು ಕೈಯಾಡಿಸಿ, "ಶುರು ಮಾಡಮ್ಮ," ಎಂದರು. ಮುನಿರತ್ನ ಆಗಲೇ ರಾಣಿಯ ಮುಂದೆ ಮಂಡಿಯೂರಿ ವೈರು ಸಿಕ್ಕಿಸುತ್ತಿದ್ದ.